ನೀಲಗಿರಿ ರೈಲಿನ ಫೋಟೋಗೆ ಹೊರಟವರಿಗೆ: ಕೂನೂರಿನಿಂದ ಮೇಲೆ ಹೊಗೆ ಸಿಗುವುದಿಲ್ಲ

ಉಗಿ ಎಂಜಿನ್ನಿನ ಫೋಟೋ ತೆಗೆಯಲೆಂದು ಮೈಸೂರಿನಿಂದ ಊಟಿಗೆ ಹೊರಡುವವರು ಮೊದಲು ಇದನ್ನು ತಿಳಿದುಕೊಳ್ಳಿ. ದಿನದ ರೈಲಿಗೆ ಉಗಿ ಎಂಜಿನ್ ಇರುವುದು ಬೆಟ್ಟದ ಬುಡದ ಮೆಟ್ಟುಪಾಳ್ಯಂನಿಂದ ನಡುದಾರಿಯ ಕೂನೂರಿನವರೆಗೆ ಮಾತ್ರ. ಕೂನೂರಿನಲ್ಲಿ ಅದನ್ನು ಬಿಚ್ಚಿ ಡೀಸೆಲ್ ಎಂಜಿನ್ ಹಾಕುತ್ತಾರೆ. ಇದು ಗೊತ್ತಿಲ್ಲದೆ ನನ್ನ ಒಂದು ಇಡೀ ದಿನ ಮತ್ತು 2,400 ರೂಪಾಯಿ ಹೋಯಿತು.

ನಾನು ಕೂನೂರಿನಲ್ಲಿ ಉಳಿದಿದ್ದೆ. ಬೆಳಿಗ್ಗೆ ಬಸ್ ನಿಲ್ದಾಣದ ಹೊರಗೆ ಟ್ಯಾಕ್ಸಿ ಮಾತಾಡಿದೆ. ಘಾಟ್ ರಸ್ತೆಯಲ್ಲಿ ಸ್ವಲ್ಪ ಕೆಳಗಿಳಿದು, ಹಳಿ ಕಾಣುವ ತಿರುವಿನಲ್ಲಿ ನಿಲ್ಲಿಸಿ, ವಾಪಸ್ ತಂದು ಬಿಡಲು 1,500. ಅಲ್ಲಿ ಒಂದೂವರೆ ಗಂಟೆ ಕಾದೆ. ಮೊದಲು ಸದ್ದು ಬಂತು, ಕಣಿವೆಯ ತುಂಬ ಉಸಿರುಗರೆದ ಹಾಗೆ. ತಿರುವಿನ ಬಾಯಿಗೆ ಫೋಕಸ್ ಕಟ್ಟಿ ನಿಂತೆ. ಆದರೆ ಮುಂದೆ ಬಂದದ್ದು ಎಂಜಿನ್ ಅಲ್ಲ, ನೀಲಿ ಬೋಗಿ. ಅದರ ಮುಂಭಾಗದಲ್ಲಿ ಬಾವುಟ ಹಿಡಿದ ಬ್ರೇಕ್ಸ್‌ಮನ್. ಎಂಜಿನ್ ಕಟ್ಟಕಡೆಗೆ ಬಂತು. ಅಷ್ಟರಲ್ಲಿ ಮಂಜು ಇಳಿದು, ಇದ್ದ ಜಾಗದಲ್ಲಿ ಸಿಲ್ವರ್ ಓಕ್ ಮರ ಅಡ್ಡ. ಸಿಕ್ಕಿದ್ದು ಎರಡು ಫ್ರೇಮ್, ಎರಡೂ ಮಸುಕು.

ಈ ದಾರಿಯಲ್ಲಿ ಎಂಜಿನ್ ಯಾವಾಗಲೂ ಇಳಿಜಾರಿನ ಕೆಳತುದಿಯಲ್ಲೇ ಇರುತ್ತದೆ, ಹತ್ತುವಾಗ ಬೋಗಿಗಳನ್ನು ಹಿಂದಿನಿಂದ ತಳ್ಳುತ್ತದೆ. ಕೊಂಡಿ ತುಂಡಾದರೂ ಬೋಗಿಗಳು ಕೆಳಗೆ ಉರುಳಬಾರದಲ್ಲ! ಕಲ್ಲಾರ್‌ನಿಂದ ಕೂನೂರಿನವರೆಗೆ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಹಾಗಾಗಿ ಹತ್ತುವ ರೈಲಿಗೆ ತಿರುವಿನ ಈಚೆ ನಿಲ್ಲಬೇಡಿ. ರೈಲು ದಾಟಿಹೋದ ಮೇಲೆ ಹಿಂಭಾಗ ಕಾಣುವಂಥ ಜಾಗ ಹುಡುಕಿ. ಇದನ್ನು ಯಾರಾದರೂ ಒಂದು ಸಾಲಿನಲ್ಲಿ ಹೇಳಿದ್ದರೆ ನನಗೆ ಸಾಕಿತ್ತು.

ನನ್ನ ಮುಖ ನೋಡಿ ಚಾಲಕ, "ಸಾರ್, ಕೆತ್ತಿಗೆ ಹೋಗೋಣ, ಅಲ್ಲಿ ಹೊಗೆ ಸೂಪರಾಗಿ ಬರುತ್ತೆ, ಇನ್ನೊಂದು 900 ಕೊಡಿ" ಅಂದ. ಕೂನೂರಿನಿಂದ ಮೇಲೆ, ಊಟಿಯ ದಾರಿಯಲ್ಲಿರುವ ಕೆತ್ತಿ ಕಣಿವೆಯ ಹೆಸರು ಕೇಳಿದ್ದೆ, ಒಪ್ಪಿಕೊಂಡೆ. ಅಲ್ಲಿ ಬಂದದ್ದು ಡೀಸೆಲ್ ಎಂಜಿನ್. ಕೂನೂರಿನಲ್ಲಿ ದಿನವೂ ಟ್ಯಾಕ್ಸಿ ಓಡಿಸುವವನಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ಕೇಳಿದರೆ, "ಇವತ್ತು ಮಾತ್ರ ಹೀಗೆ ಸಾರ್" ಎಂದ. ನನಗೆ ಇವತ್ತಿಗೂ ಸಿಟ್ಟು ಆರಿಲ್ಲ.

ಹೊಟ್ಟೆ ಚುರುಗುಟ್ಟುತ್ತಿತ್ತು. ಕೂನೂರಿನ ಮಾರ್ಕೆಟ್ ಕಡೆ ಇಳಿಯುವ ಮೆಟ್ಟಿಲ ಪಕ್ಕ ಒಂದು ಪುಟ್ಟ ಹೋಟೆಲ್, ಬೋರ್ಡ್ ಕೂಡ ಇಲ್ಲ, ಮೂರೇ ಬೆಂಚು. ನಡೆಸುವವರು ನೀಲಗಿರಿಯ ಬಡಗ ಸಮುದಾಯದ ವಯಸ್ಸಾದ ತಾಯಿ. ಅನ್ನದ ಜೊತೆ ಅವರೆಕಾಳಿನ ಉದಕ ಎಂಬ ಸಾರು ಬಡಿಸಿದರು. ನಮ್ಮ ಕಡೆಯ ಉದ್ಕದಷ್ಟು ತೆಳು ಅಲ್ಲ, ಕಾಳು ಬಾಯಿಗಿಟ್ಟರೆ ಬೆಣ್ಣೆ, ಖಾರ ನಾಲಿಗೆಯಲ್ಲಲ್ಲ, ಗಂಟಲಿನಲ್ಲಿ. ಆ ಚಳಿಗೆ ಅದಕ್ಕಿಂತ ಇನ್ನೇನು ಬೇಕು! "ಅಮ್ಮಾ, ಇನ್ನೊಂದು ಸೌಟು" ಎಂದು ಕನ್ನಡದಲ್ಲೇ ಕೇಳಿದೆ. ಅವರು ಬಡಗ ಭಾಷೆಯಲ್ಲಿ ಉತ್ತರಿಸಿದರು, ಅರ್ಧಕ್ಕಿಂತ ಹೆಚ್ಚು ನನಗೆ ತಿಳಿಯಿತು. ಕೊನೆಗೆ ಟೀ ಜೊತೆ ಪದರು ಪದರಾಗಿ ಉದುರುವ ವರ್ಕಿ ಬಿಸ್ಕತ್ತು. ಒಟ್ಟು 70 ರೂಪಾಯಿ. ಬೆಳಗಿನಿಂದ ಮೋಸವಿಲ್ಲದೆ ಕೊಟ್ಟ ದುಡ್ಡು ಅದೊಂದೇ.

ಮಧ್ಯಾಹ್ನ ಇಳಿಯುವ ರೈಲಿಗೆ ಕೂನೂರು ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಈಗ ಎಂಜಿನ್ ಮುಂದಿತ್ತು ನಿಜ. ಆದರೆ ಇಳಿಜಾರಿನಲ್ಲಿ ಅದಕ್ಕೆ ಎಳೆಯುವ ದುಡಿಮೆ ಇಲ್ಲ, ಆದ್ದರಿಂದ ಹೊಗೆಯೂ ಇಲ್ಲ. ಮೇಲಾಗಿ ಸೆಲ್ಫಿಗೆ ಮುತ್ತಿದ ಜನ. ನನಗೆ ಗುಂಪು ಸ್ವಲ್ಪವೂ ಆಗುವುದಿಲ್ಲ, ಹತ್ತು ನಿಮಿಷಕ್ಕೆ ಹೊರಬಂದೆ. ನಿಮಗೆ ಜನಜಂಗುಳಿ ಅಭ್ಯಾಸವಿದ್ದರೆ ನಿಲ್ಲಿ, ಎಂಜಿನ್ ಬದಲಿಸುವುದನ್ನು ಹತ್ತಿರದಿಂದ ನೋಡಬಹುದು.

ಫೋಟೋ ಸಿಕ್ಕಿದ್ದು ಆಮೇಲೆ, ಮೆಟ್ಟುಪಾಳ್ಯಂನಿಂದ ಬೆಳಿಗ್ಗೆ ಅದೇ ರೈಲು ಹತ್ತಿದಾಗ. ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯಲು ನಿಲ್ಲುತ್ತದೆ, ಎಲ್ಲರೂ ಇಳಿಯಬಹುದು. ಇಳಿದವರು ಮೊದಲು ಚಹಾ, ವಡೆಯ ಕಡೆ ಓಡುತ್ತಾರೆ. ನೀವು ಹಿಂದಕ್ಕೆ, ಎಂಜಿನ್ ಕಡೆ ಓಡಿ. ಐದು ನಿಮಿಷ ಅದು ನಿಮ್ಮೊಬ್ಬರದೇ. ಕೊನೆಯ ಬೋಗಿಯಲ್ಲಿ ಸೀಟು ಸಿಕ್ಕರೆ ತಿರುವುಗಳಲ್ಲಿ ಕಿಟಕಿಯಿಂದಲೂ ಹೊಗೆ ಕಾಣುತ್ತದೆ, ಸುರಂಗ ಬಂದಾಗ ಮಾತ್ರ ಲೆನ್ಸ್ ಮುಚ್ಚಿಕೊಳ್ಳಿ. ಊಟಿಯವರೆಗಿನ ಇಡೀ ದಾರಿಯಲ್ಲಿ 16 ಸುರಂಗಗಳಿವೆ.

ಟ್ಯಾಕ್ಸಿಯಲ್ಲಿ ಬೆನ್ನಟ್ಟುವುದಂತೂ ಬೇಡ, ರಸ್ತೆ ಹಳಿಯ ಹತ್ತಿರ ಬರುವುದು ಕೆಲವೇ ಕಡೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮಳೆಯಲ್ಲಿ ಗುಡ್ಡ ಕುಸಿದು ರೈಲು ರದ್ದಾಗುವುದುಂಟು, ಹಿಂದಿನ ದಿನವೇ ವಿಚಾರಿಸಿ ಹೊರಡಿ. ಮತ್ತೆ, ಆ ಮೆಟ್ಟಿಲ ಪಕ್ಕದ ಹೋಟೆಲಿಗೆ ಒಂದೂವರೆಯೊಳಗೆ ಹೋಗಿ. ನಾನು ಇನ್ನೊಮ್ಮೆ ಎರಡೂವರೆಗೆ ಹೋದಾಗ ಉದಕ ಮುಗಿದಿತ್ತು.