ಹೊಸ ಕಂಪ್ಯೂಟರಿನ ಕೆಲಸದ ದಿನಚರಿ: ಪ್ರೊಸೆಸರ್ ತಡವಾದಾಗ

2024 ಜುಲೈ 27, ಮಡಿಕೇರಿ

ಇದೇ 31ರಂದು ಮಾರುಕಟ್ಟೆಗೆ ಬರಬೇಕಿದ್ದ ಎಎಂಡಿ ಕಂಪನಿಯ ರೈಜನ್ 9000 ಸರಣಿಯ ಪ್ರೊಸೆಸರುಗಳ ಬಿಡುಗಡೆ ಮುಂದಕ್ಕೆ ಹೋಗಿದೆ. ವಿತರಕರಿಗೆ ಕಳುಹಿಸಿದ ಮೊದಲ ಚಿಪ್‌ಗಳು ನಿರೀಕ್ಷಿಸಿದ ಗುಣಮಟ್ಟದಲ್ಲಿಲ್ಲ ಎಂದು ಕಂಪನಿಯೇ ಈ ವಾರ ಹೇಳಿದ್ದು, 9600ಎಕ್ಸ್ ಮತ್ತು 9700ಎಕ್ಸ್ ಆಗಸ್ಟ್ 8ಕ್ಕೂ, 9900ಎಕ್ಸ್ ಮತ್ತು 9950ಎಕ್ಸ್ ಆಗಸ್ಟ್ 15ಕ್ಕೂ ಬರಲಿವೆ. ಮಾರಿದ ಮೇಲೆ ಹಿಂದಕ್ಕೆ ತರಿಸಿಕೊಳ್ಳುವುದಕ್ಕಿಂತ ಇದು ಮೇಲು. ಅಲ್ಲದೆ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಮೈಸೂರಿನಿಂದ ಪಾರ್ಸೆಲ್ ತರಿಸುವ ಆತುರ ನನಗೂ ಇಲ್ಲ.

ಈಗ ಇರುವುದು 2014ರ ಇಂಟೆಲ್ ಪ್ರೊಸೆಸರ್, ಐ5-4590. ನಾನು ತೆಗೆದ ಹಕ್ಕಿಗಳ ರಾ ಚಿತ್ರಗಳನ್ನು (ಕ್ಯಾಮೆರಾ ಸಂಸ್ಕರಿಸದೆ ಕೊಡುವ ದೊಡ್ಡ ಕಡತಗಳನ್ನು) ತೆರೆಯುವುದಕ್ಕೇ ಅದು ಏದುಸಿರು ಬಿಡುತ್ತದೆ. ವಿಂಡೋಸ್ 11 ಅದರ ಮೇಲೆ ಅಧಿಕೃತವಾಗಿ ನಡೆಯುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಲಿದೆ. ಮದರ್‌ಬೋರ್ಡ್, ಡಿಡಿಆರ್3 ರ‍್ಯಾಮ್ ಎರಡೂ ಹೊಸ ಪ್ರೊಸೆಸರಿಗೆ ಹೊಂದುವುದಿಲ್ಲವಾದ್ದರಿಂದ ಬಹುತೇಕ ಎಲ್ಲವನ್ನೂ ಬದಲಿಸಲೇಬೇಕು.

ಹಾಗೆಂದು ಎಲ್ಲವನ್ನೂ ಈಗಲೇ ಕೊಂಡು ಪೆಟ್ಟಿಗೆಯಲ್ಲಿ ಇಡುವುದು ಸರಿಯಲ್ಲ. ವಾರಂಟಿಯೂ ಬದಲಾಯಿಸಿಕೊಡುವ ಅವಧಿಯೂ ಬಿಲ್ಲಿನ ದಿನಾಂಕದಿಂದಲೇ ಓಡತೊಡಗುತ್ತವೆ. ಪ್ರೊಸೆಸರ್ ಇಲ್ಲದ ಮದರ್‌ಬೋರ್ಡಿನಲ್ಲಿ ದೋಷವಿದ್ದರೆ ಅದು ಆ ಅವಧಿ ಕಳೆದ ಮೇಲೆಯೇ ಗೊತ್ತಾದೀತು. ಆದ್ದರಿಂದ ಹಳೆಯ ಯಂತ್ರದಲ್ಲೇ ಪರೀಕ್ಷಿಸಬಹುದಾದವನ್ನು ಮಾತ್ರ ಈಗ ಕೊಳ್ಳುತ್ತಿದ್ದೇನೆ. ಪವರ್ ಸಪ್ಲೈ ಅದಕ್ಕೆ ನೇರವಾಗಿ ಹೊಂದುತ್ತದೆ. ಕಡತಗಳನ್ನಿಡುವ ವೇಗದ ಡ್ರೈವ್ ಆದ ಎನ್‌ವಿಎಂಇ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕವಚದಲ್ಲಿಟ್ಟು ಚಿತ್ರಗಳನ್ನು ನಕಲು ಮಾಡುತ್ತಾ ಹೋಗಬಹುದು.

ಯುಪಿಎಸ್ ಮಾತ್ರ ಪ್ರೊಸೆಸರಿಗಿಂತ ಮೊದಲೇ ಬರಬೇಕು. ಮಳೆಗಾಲದಲ್ಲಿ ತಂತಿಯ ಮೇಲೆ ಕೊಂಬೆ ಬಿದ್ದರೆ ಇಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ, ಬರುವಾಗ ವೋಲ್ಟೇಜ್ ಒಂದೇ ಸಮ ಇರುವುದಿಲ್ಲ. ಆ್ಯಕ್ಟಿವ್ ಪಿಎಫ್‌ಸಿ (ವಿದ್ಯುತ್ತನ್ನು ಹದವಾಗಿ ಎಳೆದುಕೊಳ್ಳುವ ಮಂಡಲ) ಇರುವ ಪವರ್ ಸಪ್ಲೈಗಳು ಅಗ್ಗದ ಯುಪಿಎಸ್‌ಗಳ, ಮೆಟ್ಟಿಲು ಮೆಟ್ಟಿಲಾದ ಕೃತಕ ತರಂಗಕ್ಕೆ ಕೆಲವೊಮ್ಮೆ ಒಗ್ಗದೆ ಯಂತ್ರವನ್ನೇ ಆರಿಸಿಬಿಡುತ್ತವೆ. ಮನೆಯ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಶುದ್ಧ ಸೈನ್ ತರಂಗದ್ದನ್ನೇ ಕೊಡಿ ಎಂದು ಅಂಗಡಿಯವರಿಗೆ ಒತ್ತಿ ಹೇಳಿದ್ದೇನೆ.

2024 ಆಗಸ್ಟ್ 11

9700ಎಕ್ಸ್ ಬಂದಿದೆ, ಅಮೆರಿಕದಲ್ಲಿ 359 ಡಾಲರ್. ಎಂಟು ಕೋರ್, 65 ವಾಟ್. ಕೂಲರ್ ಪ್ರತ್ಯೇಕವಾಗಿ ಕೊಳ್ಳಬೇಕು. ವಿಮರ್ಶೆಗಳನ್ನು ಓದಿದರೆ, ಎಂಟೇ ಕೋರಿನ ಹಿಂದಿನ ಪೀಳಿಗೆಯ 7700ಕ್ಕಿಂತ ನನ್ನ ಬಗೆಯ ಕೆಲಸದಲ್ಲಿ ದೊಡ್ಡ ಅಂತರವಿಲ್ಲ. ಅದೂ 65 ವಾಟಿನದೇ, ಕೂಲರ್ ಜೊತೆಗೇ ಬರುತ್ತದೆ. ಚಿತ್ರಗಳ ನಾಯ್ಸ್ (ಕಾಳುಕಾಳಾದ ಕಲೆ) ತೆಗೆಯುವ ಎಐ ಸಾಧನಗಳು ಬಹುಪಾಲು ಗ್ರಾಫಿಕ್ಸ್ ಕಾರ್ಡನ್ನೇ ನೆಚ್ಚಿಕೊಂಡಿರುವುದರಿಂದ, ಉಳಿಯುವ ಹಣ ಅಲ್ಲಿಗೆ ಹೋದರೆ ಹೆಚ್ಚು ಫಲ.

ಈ ಪ್ರೊಸೆಸರುಗಳಿಗೆ ಹೊಂದುವ ಬಿ650 ಮದರ್‌ಬೋರ್ಡಿನ ಮಟ್ಟಿಗೆ ಒಂದು ಷರತ್ತನ್ನು ಬಿಡುವುದಿಲ್ಲ: ಪ್ರೊಸೆಸರ್ ಕೂರಿಸದೆಯೇ ಪೆನ್‌ಡ್ರೈವಿನಿಂದ ಬಯಾಸ್ (ಬೋರ್ಡನ್ನು ಎಬ್ಬಿಸುವ ಮೂಲ ತಂತ್ರಾಂಶ) ಬರೆಯುವ ಗುಂಡಿ ಅದರಲ್ಲಿ ಇರಬೇಕು. ಅಂಗಡಿಯಲ್ಲಿ ಹಳೆಯ ದಾಸ್ತಾನು ಸಿಕ್ಕರೂ, ಮುಂದೆಂದಾದರೂ 9000 ಸರಣಿಗೆ ಹೋಗುವಾಗ ಹೊಸ ಬಯಾಸ್ ಬರೆಯಲೆಂದು ಬೇರೆ ಪ್ರೊಸೆಸರನ್ನು ಎರವಲು ತರಬೇಕಾಗುವುದಿಲ್ಲ.

7700, ಬೋರ್ಡ್, ಡಿಡಿಆರ್5 ರ‍್ಯಾಮ್ ಮೂರನ್ನೂ ಒಂದೇ ಬಿಲ್ಲಿನಲ್ಲಿ ಕೊಡಲು ಮೈಸೂರಿನ ಅಂಗಡಿಯವರು ಒಪ್ಪಿದ್ದಾರೆ. ಸೆಪ್ಟೆಂಬರಿನ ಕೈಲ್‌ಪೊಳ್ದು ಹಬ್ಬದ ಹೊತ್ತಿಗೆ ಮಳೆ ಇಳಿದರೆ ನಾನೇ ಹೋಗಿ ತರುತ್ತೇನೆ.