ದೇವರಾಯನದುರ್ಗದ ಮಂಜು ಮಾಯವಾದ ಸಂಜೆ

ಕಳೆದ ಶ್ರಾವಣದಲ್ಲಿ ತುಮಕೂರಿನ ಒಂದು ಹೊಸ ಆಫೀಸಿನವರು ರಿಸೆಪ್ಷನ್ ಗೋಡೆಗೆ ಚಿತ್ರ ಕೇಳಿದ್ದರು. ದೇವರಾಯನದುರ್ಗದ ಬೆಳಗು, ಸೀಮೆಸುಣ್ಣದ ಹಾಗೆ ಪುಡಿಯಾಗುವ ಬಣ್ಣದ ಕಡ್ಡಿ, ಅಂದರೆ ಸಾಫ್ಟ್ ಪೇಸ್ಟಲ್‌ನಲ್ಲಿ. ಮೂರು ಭಾನುವಾರ ನಸುಕಿಗೇ ಬೈಕ್ ಹತ್ತಿ ಹೋಗಿ ಸ್ಕೆಚ್ ಮಾಡಿಕೊಂಡು ಬಂದೆ.

ಕಂದು ಬಣ್ಣದ ಪೇಪರ್ ತಗೊಂಡಿದ್ದೆ. ಬಂಡೆಗಳು ಬೇಗ ಆದವು. ಮಂಜಿಗೆ ಮಾತ್ರ ಎಂಟು ದಿನ ಬೇಕಾಯಿತು. ಕಡ್ಡಿಯನ್ನು ಅಡ್ಡ ಹಿಡಿದು, ಒತ್ತದೆ, ಪೇಪರಿನ ತರಿ ಮೇಲೆ ಸುಮ್ನೆ ಸವರಿಕೊಂಡು ಹೋಗಬೇಕು. ಬೆರಳಿನಿಂದ ಉಜ್ಜಿದರೆ ಸತ್ತುಹೋಗುತ್ತೆ. ಭೋಗನರಸಿಂಹ ದೇವಸ್ಥಾನದ ಹತ್ತಿರ ಒಂದು ತೆಳು ಪದರ ಬಂದಿತ್ತು, ಅದರೊಳಗಿಂದ ಕಲ್ಲು ಕಾಣುವಷ್ಟು ತೆಳು. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಅಂಥದ್ದು ಬಂದಿರಲಿಲ್ಲ.

ಉದ್ಘಾಟನೆಗೆ ಎರಡು ದಿನ ಇದೆ ಅನ್ನುವಾಗ ಮ್ಯಾನೇಜರ್ ಮನೆಗೆ ಬಂದರು. ಬಂದವರೇ ಮೂಲೆಯಲ್ಲಿ ಬೆರಳಿಟ್ಟರು.

"ಮೇಷ್ಟ್ರೇ, ಕೈಗೆ ಬಣ್ಣ ಹತ್ತುತ್ತಲ್ಲ? ನಾಳೆ ಉದುರಿದರೆ ನಮ್ಮ ಸಾಹೇಬರಿಗೆ ನಾನೇನು ಹೇಳಲಿ?"

ಪೇಸ್ಟಲ್ ಅಂದರೆ ಹೀಗೇ ಸರ್, ಅದನ್ನು ಕಾಯೋದು ಫ್ರೇಮು, ಎಂದು ಹೇಳಬೇಕಿತ್ತು. ಆರ್ಡರ್ ಕೈ ತಪ್ಪುತ್ತೇನೋ ಎಂದು ಹೆದರಿದೆ. "ಫಿಕ್ಸೆಟಿವ್ ಹೊಡೆದು ಕೊಡ್ತೀನಿ" ಎಂದುಬಿಟ್ಟೆ. ಪುಡಿ ಉದುರದ ಹಾಗೆ ಹಿಡಿದಿಡುವ ಅಂಟಿನ ಸ್ಪ್ರೇ ಅದು.

ಸಂಜೆ ಜಿಟಿಜಿಟಿ ಮಳೆ. ವರಾಂಡದಲ್ಲಿ ಬೋರ್ಡ್ ನಿಲ್ಲಿಸಿ, ಒಂದಡಿ ದೂರದಿಂದ ಮೊದಲ ಕೋಟ್ ಹೊಡೆದೆ. ಏನೂ ಆಗಲಿಲ್ಲ. ಬೆರಳಿಟ್ಟು ನೋಡಿದರೆ ಇನ್ನೂ ಬಿಳಿ ಹತ್ತುತ್ತಿತ್ತು. ಅಲ್ಲಿಗೇ ನಿಲ್ಲಿಸಬೇಕಿತ್ತು. ಅವರ ಬೆರಳೇ ಕಣ್ಣ ಮುಂದೆ ಇತ್ತು. ಒಣಗಲೂ ಬಿಡದೆ, ಹತ್ತಿರ ಹಿಡಿದು ಎರಡನೇದು, ಮೂರನೇದು ಹೊಡೆದೆ. ಕ್ಯಾನ್ ಹನಿ ಉಗುಳಿತು.

ಎಡಗಡೆಯಿಂದ ಮಂಜು ಹೋಗತೊಡಗಿತು. ಕೆಳಗಿನ ಕಂದು ಪೇಪರ್ ಮೇಲೆದ್ದು ಬಂತು. ಬೆಳಗಿನ ಬೆಟ್ಟ ನೋಡನೋಡುತ್ತ ಮಧ್ಯಾಹ್ನದ ಬೆಟ್ಟ ಆಯಿತು. ಒದ್ದೆ ಬೋರ್ಡಿನ ಮೇಲೆ ಚಾಕ್‌ಪೀಸಲ್ಲಿ ಬರೆದದ್ದು ಒಣಗಿದ ಮೇಲೆ ಕಾಣುತ್ತೆ ಅಲ್ವಾ, ಹಾಗೆ ವಾಪಸ್ ಬರಬಹುದು ಎಂದು ಕಾದೆ. ಐದು ನಿಮಿಷ. ಹತ್ತು. ಕಾಲು ಗಂಟೆ. ಅಲ್ಲಲ್ಲಿ ಸ್ವಲ್ಪ ಬಂತು, ಅಷ್ಟೇ. ಮನೆಯವಳು ಟೀ ತಂದಿಟ್ಟಳು, ಚಿತ್ರ ನೋಡಿದಳು, ಏನೂ ಮಾತಾಡದೆ ಒಳಗೆ ಹೋದಳು.

ತಿಳಿಬಣ್ಣದ ಕಡ್ಡಿಗಳಲ್ಲಿ ಸೀಮೆಸುಣ್ಣದ ಪುಡಿ ಜಾಸ್ತಿ. ಪುಡಿಯ ಕಣಗಳ ನಡುವೆ ಗಾಳಿ ಇರುವವರೆಗೆ ಅದು ಬೆಳ್ಳಗೆ ಕಾಣುತ್ತೆ. ಆ ಜಾಗದಲ್ಲಿ ಅಂಟು ತುಂಬಿದರೆ ಬೆಳಕು ಒಳಗೆ ಹಾದುಹೋಗುತ್ತೆ. ಬೋರ್ಡಿನ ನೀರು ಆರುತ್ತೆ, ಅಂಟು ಅಲ್ಲೇ ಉಳಿಯುತ್ತೆ. ಇದೆಲ್ಲ ನನಗೆ ಗೊತ್ತಿತ್ತು. ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತೇನೆ.

ಫ್ರೆಂಚ್ ಚಿತ್ರಕಾರ ಡೇಗಾ ಪದರ ಪದರಕ್ಕೂ ಫಿಕ್ಸೆಟಿವ್ ಹಾಕಿ ಅದರ ಮೇಲೆ ಮತ್ತೆ ಬಳಿಯುತ್ತಿದ್ದ. ಆ ಒಂದು ಧೈರ್ಯದ ಮೇಲೆ ರಾತ್ರಿ ಎರಡರವರೆಗೆ ಕೂತೆ. ಫಿಕ್ಸ್ ಆದ ಮೇಲ್ಮೈ ಪುಡಿಯನ್ನು ಚೆನ್ನಾಗಿಯೇ ಹಿಡಿಯಿತು. ಮಂಜು ಬಂತು, ಆದರೆ ದಪ್ಪ ಮಂಜು. ದೇವಸ್ಥಾನದ ಹತ್ತಿರದ ತೆಳು ಪದರ ಮತ್ತೆ ಬರಲಿಲ್ಲ. ಈ ಸಲ ಸ್ಪ್ರೇ ಮುಟ್ಟಲಿಲ್ಲ.

ಬೆಳಿಗ್ಗೆ ಫ್ರೇಮ್ ಅಂಗಡಿಯಲ್ಲಿ ಇನ್ನೊಂದು ಜಗಳ. ಮ್ಯಾನೇಜರ್ ಅಕ್ರಿಲಿಕ್ ಶೀಟ್ ಹಾಕಿಸಿ ಎಂದು ಫೋನ್ ಮಾಡಿದ್ದರು, ಒಡೆಯಲ್ಲ ಎಂದು. ಅಕ್ರಿಲಿಕ್ ಒರೆಸಿದರೆ ಸ್ಟ್ಯಾಟಿಕ್ ವಿದ್ಯುತ್ ಹುಟ್ಟಿ ಪುಡಿಯನ್ನೇ ಎಳೆದುಕೊಳ್ಳುತ್ತೆ. ಈ ಸಲ ನಾನು ಒಪ್ಪಲಿಲ್ಲ. ಗಾಜೇ ಹಾಕಿಸಿದೆ. ಗಾಜು ಚಿತ್ರಕ್ಕೆ ತಾಗದ ಹಾಗೆ ಸುತ್ತ ರಟ್ಟಿನ ಮೌಂಟು, ಅದರ ಹಿಂದೆ ಅಂತರ ಬಿಡಿಸುವ ಸ್ಪೇಸರ್ ಪಟ್ಟಿ.

ಈಗ ಅಡ್ವಾನ್ಸ್ ತಗೊಳ್ಳುವ ಮೊದಲೇ ಒಂದು ತುಂಡು ಪೇಪರನ್ನು ಗಿರಾಕಿಯ ಕೈಗೆ ಕೊಡುತ್ತೇನೆ. ಅರ್ಧಕ್ಕೆ ಫಿಕ್ಸೆಟಿವ್ ಹೊಡೆದಿರುತ್ತೆ, ಅರ್ಧ ಹಾಗೇ ಇರುತ್ತೆ. ಮುಟ್ಟಿ ನೋಡಲಿ, ಬಣ್ಣ ಹೋಲಿಸಿ ನೋಡಲಿ.

ಗೋಡೆಗೆ ನೇತುಹಾಕಿದ ದಿನ ಮ್ಯಾನೇಜರ್ ಸ್ವಲ್ಪ ಹಿಂದೆ ಸರಿದು ನಿಂತು ನೋಡಿದರು. "ಮಂಜು ಸ್ವಲ್ಪ ಜಾಸ್ತಿ ಆಯ್ತಾ ಮೇಷ್ಟ್ರೇ?"

"ಹೌದು ಸರ್. ನೀವು ಮನೆಗೆ ಬಂದಾಗ ಇದಕ್ಕಿಂತ ತೆಳುವಾಗಿತ್ತು" ಎಂದೆ.