‘ಪಾಸ್‌ವರ್ಡ್ ಸರಿಯಾಗೇ ಇದೆ ಸರ್’

ಮೊನ್ನೆಯಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಉಬುಂಟು 24.04 ಎಂಬ ಲಿನಕ್ಸ್ ಇದ್ದ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ 16 ಎಂಬ ಡೇಟಾಬೇಸ್ ತಂತ್ರಾಂಶ ಇನ್‌ಸ್ಟಾಲ್ ಮಾಡುತ್ತಿದ್ದ ಹುಡುಗ ಮೂರು ಸಲ ಇದನ್ನೇ ಹೇಳಿದ: “ಪಾಸ್‌ವರ್ಡ್ ಸರಿಯಾಗೇ ಇದೆ ಸರ್, ಆದ್ರೂ ಒಳಗೆ ಬಿಡ್ತಿಲ್ಲ.” ಪರದೆಯ ಮೇಲೆ ‘ಪೀರ್ ಅಥೆಂಟಿಕೇಶನ್ ಫೇಲ್ಡ್’ ಎಂದಿತ್ತು.

ಅವನ ಪಾಸ್‌ವರ್ಡ್ ನಿಜಕ್ಕೂ ಸರಿಯಿತ್ತು. ಅದನ್ನು ಯಾರೂ ಕೇಳಿರಲಿಲ್ಲ. ಅದೇ ಯಂತ್ರದ ಯೂನಿಕ್ಸ್ ಸಾಕೆಟ್ (ನೆಟ್‌ವರ್ಕ್ ಮುಟ್ಟದ ಒಳದಾರಿ) ಮೂಲಕ ಬಂದವರ ಲಿನಕ್ಸ್ ಹೆಸರು ಏನೆಂದು ಲಿನಕ್ಸ್‌ನ ತಿರುಳಾದ ಕರ್ನಲ್ ಹತ್ತಿರ ವಿಚಾರಿಸಿ, ಡೇಟಾಬೇಸ್ ರೋಲ್‌ನ (ಡೇಟಾಬೇಸಿನೊಳಗಿನ ಖಾತೆಯ) ಹೆಸರಿಗೆ ಹೋಲಿಸುವುದೇ ಪೀರ್. ಲಿನಕ್ಸ್‌ನಲ್ಲಿ ‘ಉಬುಂಟು’, ರೋಲ್ ‘ಆ್ಯಪ್‌ಯೂಸರ್’ ಆದರೆ ಬಾಗಿಲು ತೆರೆಯುವುದಿಲ್ಲ. ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡುವ ಪಿಎಸ್‌ಕ್ಯೂಎಲ್‌ಗೆ ಹೋಸ್ಟ್ 127.0.0.1 (ಇದೇ ಯಂತ್ರ, ಆದರೆ ನೆಟ್‌ವರ್ಕ್ ದಾರಿಯಿಂದ) ಎಂದು ಕೊಟ್ಟಿದ್ದರೆ ಅದೇ ಪಾಸ್‌ವರ್ಡ್ ನಡೆಯುತ್ತಿತ್ತು. ಆ ದಾರಿಗೆ ಸೆಟ್ಟಿಂಗ್ ಫೈಲಿನಲ್ಲಿ ಪಾಸ್‌ವರ್ಡ್ ಪರೀಕ್ಷಿಸುವ ಸ್ಕ್ರ್ಯಾಮ್-ಶಾ-256 ಸಾಲು ಮೊದಲೇ ಇರುತ್ತದೆ.

ಇದನ್ನು ಅವನಿಗೆ ಆಗಲೇ ಬಿಡಿಸಿ ಹೇಳಬೇಕಿತ್ತು. ಬೆಳಗ್ಗೆ ಬಂದವನೇ “ಸರಿಹೋಯ್ತು ಸರ್” ಅಂದ. ಯಾರನ್ನು ಹೇಗೆ ಒಳಬಿಡಬೇಕೆಂದು ಹೇಳುವ ಆ ಫೈಲ್, ಪಿಜಿ_ಎಚ್‌ಬಿಎ.ಕಾನ್ಫ್, ತೆರೆದರೆ ಎಲ್ಲಕ್ಕಿಂತ ಮೇಲೆ ಹೊಸ ಸಾಲು: ಎಲ್ಲ ಡೇಟಾಬೇಸ್, ಎಲ್ಲ ಯೂಸರ್, 0.0.0.0/0 (ಯಾವ ಐಪಿವಿ4 ವಿಳಾಸದಿಂದಲಾದರೂ), ಟ್ರಸ್ಟ್ (ಪಾಸ್‌ವರ್ಡ್ ಕೇಳದೆ ಒಳಬಿಡು). ಈ ಫೈಲನ್ನು ಮೇಲಿನಿಂದ ಕೆಳಗೆ ಓದಿ, ಮೊದಲು ಹೊಂದಿದ ಸಾಲಿಗೇ ಪೋಸ್ಟ್‌ಗ್ರೆಸ್ ನಿಲ್ಲುತ್ತದೆ. ಕೆಳಗಿದ್ದ 127.0.0.1ರ ಸ್ಕ್ರ್ಯಾಮ್ ಸಾಲಿಗೆ ಬೆಲೆಯೇ ಉಳಿದಿರಲಿಲ್ಲ. ಪೋಸ್ಟ್‌ಗ್ರೆಸ್ ಯಾವ ವಿಳಾಸಗಳಲ್ಲಿ ಕಿವಿಗೊಡಬೇಕೆಂದು ಹೇಳುವ ಲಿಸನ್_ಅಡ್ರೆಸಸ್ ‘*’ (ಎಲ್ಲವೂ) ಆಗಿತ್ತು, ಫೈರ್‌ವಾಲ್‌ನಲ್ಲಿ ಅದರ ಪೋರ್ಟ್ 5432 ತೆರೆದಿತ್ತು.

“ಈಗ ಬೇಕಂತಲೇ ತಪ್ಪು ಪಾಸ್‌ವರ್ಡ್ ಹಾಕು” ಅಂದೆ. ಒಳಗೆ ಬಿಟ್ಟಿತು. ಅವನ ಮುಖ ಬಾಡಿತು.

ಹುಡುಗ ಶ್ರಮಜೀವಿ, ಅವನ ಮೇಲೆ ನನಗೆ ಸಿಟ್ಟಿಲ್ಲ. ಪೀರ್ ದೋಷ ಕಂಡವರಿಗೆಲ್ಲ ‘ಟ್ರಸ್ಟ್ ಹಾಕು, ಆಗುತ್ತೆ’ ಎಂದು ಹೇಳಿ ಹೋಗುವವರ ಮೇಲೆ ಇದೆ. ಟ್ರಸ್ಟ್ ಇದ್ದಲ್ಲಿ ‘ಪೋಸ್ಟ್‌ಗ್ರೆಸ್’ ಎಂಬ, ಎಲ್ಲ ಹಕ್ಕೂ ಇರುವ ಸೂಪರ್‌ಯೂಸರ್ ಹೆಸರಲ್ಲೂ ಯಾರು ಬೇಕಾದರೂ ಬರಬಹುದು. ಸೂಪರ್‌ಯೂಸರ್‌ಗೆ ಕಾಪಿ ಫ್ರಮ್ ಪ್ರೋಗ್ರಾಂ ಎಂಬ ಕಮಾಂಡ್ ಮೂಲಕ ಸರ್ವರ್‌ನಲ್ಲೇ ಶೆಲ್ ಕಮಾಂಡ್ ಓಡಿಸಲು ಬರುತ್ತದೆ. ಕಳೆದುಹೋಗುವುದು ಬರೀ ಟೇಬಲ್‌ಗಳಲ್ಲ, ಇಡೀ ಯಂತ್ರ. ರಾತ್ರಿ ಯಾರು ಬಂದುಹೋದರು ಎಂದು ನೋಡೋಣವೆಂದರೆ ಬಂದವರನ್ನು ದಾಖಲಿಸುವ ಲಾಗ್_ಕನೆಕ್ಷನ್ಸ್ ಡೀಫಾಲ್ಟ್ ಆಗಿ ಆಫ್. ಡೇಟಾ ಇನ್ನೂ ತುಂಬಿರಲಿಲ್ಲ. ಸರ್ವರನ್ನೇ ಅಳಿಸಿ ಮತ್ತೆ ಮೊದಲಿನಿಂದ ಕಟ್ಟಿದೆವು.

ಈ ಸಲ ಲಾಗ್_ಕನೆಕ್ಷನ್ಸ್ ಆನ್. ಲಿಸನ್_ಅಡ್ರೆಸಸ್‌ಗೆ ಲೋಕಲ್‌ಹೋಸ್ಟ್ ಮತ್ತು ಖಾಸಗಿ ನೆಟ್‌ವರ್ಕ್‌ನ ಐಪಿ ಮಾತ್ರ; ಇದಕ್ಕೆ ರೀಸ್ಟಾರ್ಟ್ ಬೇಕು. ಪಿಜಿ_ಎಚ್‌ಬಿಎಗೆ ರೀಲೋಡ್ ಸಾಕು. ಅಲ್ಲಿ ಒಂದೇ ಸಾಲು ಸೇರಿಸಿದೆವು: ಹೋಸ್ಟ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಟ್ ಆದ ಸಂಪರ್ಕ ಮಾತ್ರ), ಆ ಒಂದು ಡೇಟಾಬೇಸ್, ಆ ಒಂದು ಯೂಸರ್, ಆ್ಯಪ್ ಸರ್ವರ್‌ನ ಐಪಿಗೆ /32 (ಆ ಒಂದೇ ವಿಳಾಸ), ಸ್ಕ್ರ್ಯಾಮ್-ಶಾ-256. ಈ ಫೈಲಿನಲ್ಲಿ ತಪ್ಪಿದ್ದರೆ ರೀಲೋಡ್ ಆದಾಗ ಹಳೆಯ ನಿಯಮಗಳೇ ಮುಂದುವರಿಯುತ್ತವೆ, ದೂರು ಲಾಗ್‌ನಲ್ಲಷ್ಟೇ ಕಾಣುತ್ತದೆ. ಅದಕ್ಕೇ ಪಿಜಿ_ಎಚ್‌ಬಿಎ_ಫೈಲ್_ರೂಲ್ಸ್ ವ್ಯೂ ತೆರೆದು ಎರರ್ ಕಾಲಂ ಖಾಲಿಯಿದೆಯೇ ಎಂದು ನೋಡಿಕೊಂಡೆವು. ಪಾಸ್‌ವರ್ಡನ್ನು ಪಿಎಸ್‌ಕ್ಯೂಎಲ್‌ನ \ಪಾಸ್‌ವರ್ಡ್ ಕಮಾಂಡ್‌ನಿಂದಲೇ ಇಟ್ಟೆವು. ಆಗ ಅದು ಹಿಸ್ಟರಿಯಲ್ಲೂ ಲಾಗ್‌ನಲ್ಲೂ ಬರಿಗಣ್ಣಿಗೆ ಸಿಗುವುದಿಲ್ಲ.

ಟೇಬಲ್ ಮಾಡಹೊರಟಾಗ ‘ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್’. ಪೋಸ್ಟ್‌ಗ್ರೆಸ್ ಆವೃತ್ತಿ 15ರಿಂದ ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್‌ಗಳನ್ನಿಡುವ ಕೋಣೆ) ಕ್ರಿಯೇಟ್ ಹಕ್ಕು ಎಲ್ಲರಿಗೂ ತಾನಾಗಿ ಸಿಗುವುದಿಲ್ಲ. ಅವನ ಕೈ ತಡೆಯಿತು, ನನ್ನ ಕಡೆ ನೋಡಿದ. “ಸೂಪರ್‌ಯೂಸರ್ ಮಾಡಲಾ ಸರ್?” ಎಂದು ಕೇಳಿ, ತಾನೇ ಬೇಡವೆಂದು ತಲೆಯಾಡಿಸಿದ. ಡೇಟಾಬೇಸ್‌ನ ಓನರ್ ಆಗಿ ಆ್ಯಪ್‌ಯೂಸರನ್ನೇ ಮಾಡಿದ, ಆಯಿತು.

ಕೊನೆಗೆ ಆ್ಯಪ್ ಸರ್ವರ್‌ನಿಂದ ನಾನು ಹೇಳದೆಯೇ ತಪ್ಪು ಪಾಸ್‌ವರ್ಡ್ ಹಾಕಿ ನೋಡಿದ. ದೋಷ ಬಂತು. ಈ ಸಲದ ಮೊದಲ ಪದ ‘ಪೀರ್’ ಅಲ್ಲ, ‘ಪಾಸ್‌ವರ್ಡ್’.